ಓ ಎನ್ನದ ಅತ್ತಿಗೆ

ಹಲಸೂರು,
೧೪-೧೧-೨೦೨೫, ಶುಕ್ರವಾರ

ಪ್ರೀತಿಯ ಲಚ್ಮಿಗೆ,

ನಿನ್ನ ಅತ್ತಿಗೆ ಆಂಜನಮ್ಮ ತಲೆ ತಗ್ಗಿಸಿಕೊಂಡು ಬರೆಯುವ ಕಾಗದ. ತಲೆ ತಗ್ಗಿಸಿದ್ದು ನಿನಗೆ ಕಾಣುವುದಿಲ್ಲವಲ್ಲ, ಅದಕ್ಕೇ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಹೇಗಿದ್ದೀಯ? ಅವತ್ತು ಬಿದ್ದು ಸೊಂಟ ಊದಿತ್ತಲ್ಲ, ಬಾವು ಇಳಿಯಿತೇ? ಸಕ್ಕರೆ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯೋ, ಇಲ್ಲ ನನ್ನ ಮೇಲಿನ ಕೋಪವನ್ನು ಮಾತ್ರೆಯ ಮೇಲೆ ತೀರಿಸಿಕೊಳ್ಳುತ್ತಿದ್ದೀಯೋ? ರಾಮಮೂರ್ತಿ ನಗರದ ಬೋರ್‌ವೆಲ್ ನೀರಿಗೆ ತಲೆಗೂದಲು ಉದುರುತ್ತದಂತೆ, ಎಣ್ಣೆ ಹಚ್ಚಿಸಿಕೋ. ನಿನ್ನ ಚಿಕ್ಕಣ್ಣನ ಮಗಳು ಸುಕನ್ಯ ಫೋನಿನಲ್ಲಿ ನಮ್ಮ ಸೊಸೆ ಹಂಸನಿಗೆ ಹೇಳಿದಳಂತೆ, ನೀನು ಅರ್ಧ ಮುದ್ದೆಗೇ ಕೈ ತೊಳೆಯುತ್ತೀಯಂತೆ, ಬೆಳಗ್ಗೆ ಕೂತ ಕುರ್ಚಿಯಿಂದ ಸಂಜೆಯವರೆಗೂ ಏಳುವುದಿಲ್ಲವಂತೆ, ಏನಾಯಿತು ಅಂದರೆ ‘ವಯಸ್ಸಾಯ್ತು, ಇನ್ನೇನು’ ಅನ್ನುತ್ತೀಯಂತೆ. ಅರವತ್ತಮೂರು ಒಂದು ವಯಸ್ಸೇನೇ? ನಿನಗಿಂತ ಒಂಬತ್ತು ವರ್ಷ ದೊಡ್ಡವಳು ನಾನು, ಇವತ್ತಿಗೂ ಎರಡು ಮುದ್ದೆ ನುಂಗಿ ಮೂರನೆಯದರ ಮೇಲೆ ಕಣ್ಣು ಹಾಕುತ್ತೇನೆ.

ಸುಕನ್ಯಾ, ಇದನ್ನು ಓದಿ ಹೇಳುವವಳು ನೀನು ತಾನೇ. ದೊಡ್ಡಮ್ಮನ ಮಾತು ಕೇಳು. ಬೈದಿರುವ ಕಡೆ ಬೈದ ಹಾಗೇ ಓದು. ನಾನು ನಾಚಿ ನೆಲಕ್ಕಿಳಿದಿರುವ ಕಡೆ ‘ಪಾಪ’ ಎಂದು ಕೈಹಿಡಿದು ಮೇಲೆತ್ತಬೇಡ. ನಿಮ್ಮತ್ತೆಯ ಮೂಗಿಗೆ ಸುಳ್ಳಿನ ವಾಸನೆ ಮಲ್ಲಿಗೆಯ ವಾಸನೆಗಿಂತ ಬೇಗ ಬಡಿಯುತ್ತದೆ. ಅಕ್ಷರ ವಕ್ರವಾಗಿದ್ದರೆ ಹೊಂದಿಸಿಕೋ. ನಾಲ್ಕನೇ ಕ್ಲಾಸಿಗೆ ಬಿಡಿಸಿ ಹಸು ಕಾಯಲು ಕಳಿಸಿದ ಕೈ ಇದು.

ಕೈಕೈಗೂ ಫೋನಿರುವ ಕಾಲದಲ್ಲಿ ಮುದುಕಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳುತ್ತೀಯ. ಅದನ್ನು ಹೇಳುವುದಕ್ಕೇ ಬರೆಯುತ್ತಿರುವುದು. ಆದರೆ ನೇರವಾಗಿ ಅಲ್ಲಿಗೇ ಹೋಗಲು ಕಾಲು ಬರುತ್ತಿಲ್ಲ, ಮೊದಲು ಮನೆ ಸುದ್ದಿ ಕೇಳು. ಸೋಮವಾರ ಕಡೇ ಕಾರ್ತಿಕ ಸೋಮವಾರ. ಮುನಿರಾಜ್ ಮಾರ್ಕೆಟ್ಟಿನಿಂದ ಎಂದಿಗಿಂತ ಎರಡು ಪಟ್ಟು ಹೂವು ತಂದು ಸುರಿಯುತ್ತಿದ್ದಾನೆ. ‘ಲಕ್ಷ್ಮಕ್ಕ ಇಲ್ದೆ ನಿಮ್ಮ ಮನೆ ಹಾರ ಜೋಲು ಬೀಳ್ತಾ ಇದೆ ಕಣಮ್ಮ, ಗಿರಾಕಿ ಕೇಳ್ತಾರೆ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಹೇಳಲಿ, ಸುಳ್ಳೇನಲ್ಲ. ನಿನ್ನ ಗಂಟು ನನ್ನ ಕೈಗೆ ಯಾವತ್ತೂ ಬರಲಿಲ್ಲ. ನಮ್ಮ ಬೆಕ್ಕು ನಿನ್ನ ಮಂಚದ ಮೇಲೆ ಮರಿ ಹಾಕಿದೆ, ಓಡಿಸಲಿಲ್ಲ. ಮಗ ಆನಂದನಿಗೆ ಮಂಡಿ ನೋವು ಶುರುವಾಗಿದೆ, ಅವನೂ ಮುದುಕನಾಗುತ್ತಿದ್ದಾನೆ, ಒಪ್ಪಿಕೊಳ್ಳುವುದಿಲ್ಲ. ಆ ಗುಣ ಎಲ್ಲಿಂದ ಬಂತೆಂದು ನೀನು ಕೇಳಬೇಕಾಗಿಲ್ಲ.

ಆಶ್ರಮದ ವಿಷಯ ಗೊತ್ತಾಯಿತು. ಹೊಸಕೋಟೆಯ ಆಚೆ, ಕಣ್ಣಿಲ್ಲದ ವಯಸ್ಸಾದ ಹೆಂಗಸರಿಗೆಂದೇ ಮಾಡಿರುವ ಜಾಗವಂತೆ, ಹೊತ್ತುಹೊತ್ತಿಗೆ ಊಟವಂತೆ, ಭಜನೆಯಂತೆ, ಬುಧವಾರ ಅವರೇ ಗಾಡಿ ಕಳಿಸುತ್ತಾರಂತೆ. ಸುಕನ್ಯನ ಮೇಲೆ ನನಗೆ ಕೋಪವಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಕ್ಯಾಬ್ ಓಡಿಸುವ ಗಂಡ, ಎರಡು ಮಕ್ಕಳು, ಅವಳಾದರೂ ಎಷ್ಟು ದಿನ ಇಟ್ಟುಕೊಂಡಾಳು. ಆದರೆ ಅವಳು ಕೇಳಿದಾಗ ನೀನು ಒಂದು ಮಾತೂ ಎದುರಾಡದೆ ‘ಹೋಗ್ತೀನಿ, ನನಗೆ ಎಲ್ಲಾದರೇನು’ ಅಂದೆಯಂತೆ. ಅದು ನನಗೆ ತಾಗಿತು. ಜಾಗ ಒಳ್ಳೆಯದೇ ಇರಬಹುದು. ನೀನು ಹೋಗಲೇಬೇಕೆಂದರೆ ನಾನು ಬಾಗಿಲಿಗೆ ಅಡ್ಡ ಮಲಗುವವಳಲ್ಲ. ಆದರೆ ಅವತ್ತು ಹಿತ್ತಲಲ್ಲಿ ನಡೆದದ್ದು ಏನು ಅಂತ ತಿಳಿದುಕೊಂಡು ಹೋಗು.

ದೀಪಾವಳಿ ಮುಗಿದ ವಾರ, ಮಧ್ಯಾಹ್ನ. ಆನಂದ ಕೆಲಸಕ್ಕೆ, ಅವನ ಮಗ ಲಿಖಿತ್ ಕಾಲೇಜಿಗೆ, ಹಂಸ ಹೊಲಿಯಲು ಕೊಟ್ಟ ರವಿಕೆ ತರಲು ಶಿವಾಜಿನಗರಕ್ಕೆ ಹೋಗಿದ್ದರು. ಕೆಳಗೆ ನಾವಿಬ್ಬರೇ. ನಾನು ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ ಕಾಕಡ ಹೂವು ಕಟ್ಟುತ್ತಿದ್ದೆ. ನೀನು ಕೈ ತೊಳೆಯಲು ಹೋಗಿ ಪಾತ್ರೆ ತೊಳೆದ ಸೋಪು ನೀರಿನ ಮೇಲೆ ಕಾಲಿಟ್ಟು ಬಿದ್ದೆ. ಬಿದ್ದಲ್ಲಿಂದ ಕೂಗಿದೆ. ‘ಅತ್ತಿಗೇ’ ಅಂದೆ, ‘ಅಮ್ಮಾ’ ಅಂದೆ, ಕಡೆಗೆ ಸತ್ತ ನಿನ್ನಣ್ಣನನ್ನೂ ಕರೆದೆಯಂತೆ. ಎರಡು ಮಹಡಿ ಮೇಲೆ ಬಾಡಿಗೆಗಿರುವ ಮಿಸ್ಬಾಗೆ ಅದು ಕೇಳಿಸಿತು. ಅವಳು ಹೊಲಿಗೆ ಮಿಷನ್ ಬಿಟ್ಟು ಮೆಟ್ಟಿಲು ಹಾರಿಕೊಂಡು ಬಂದಳು. ಅವಳ ದುಪಟ್ಟಾ ನನ್ನ ಭುಜಕ್ಕೆ ತಾಗಿದಾಗಲೇ ನಾನು ತಲೆಯೆತ್ತಿದ್ದು. ‘ಏನಮ್ಮಾ ಮಿಸ್ಬಾ, ಯಾಕಿಷ್ಟು ಅವಸರ?’ ಅಂದೆ. ಹಾಳಾದ ಬಾಯಿ, ಅಷ್ಟು ಗಟ್ಟಿಯಾಗಿ, ಅಷ್ಟು ಹತ್ತಿರದಿಂದ. ನಿನಗೆ ಅದು ಕೇಳಿಸಿತು. ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದ ನಿನಗೆ, ಅತ್ತಿಗೆ ಇಷ್ಟು ಹೊತ್ತೂ ಕೈಗೆಟುಕುವ ಹಾಗೆ ಇಲ್ಲೇ ಕೂತಿದ್ದಳು ಅಂತ ಗೊತ್ತಾಯಿತು.

ಮಿಸ್ಬಾ ನಿನ್ನನ್ನು ಎತ್ತಿ ಕೂರಿಸಿ ನನ್ನ ಮುಖ ನೋಡಿಕೊಂಡು ಕೇಳಿದಳು: ‘ಅಜ್ಜೀ, ಆಂಟಿ ಎಷ್ಟೊತ್ತಿಂದ ಕೂಗ್ತಾ ಇದಾರೆ, ನಿಮ್ಗೆ ಕೇಳ್ಸಿಲ್ವಾ?’ ನಾನು ಏನಂದೆ ನಿನಗೆ ನೆನಪಿದೆ. ನೀನು ಸತ್ತರೂ ಮರೆಯುವುದಿಲ್ಲ, ನಾನೂ ಮರೆಯುವುದಿಲ್ಲ. ‘ಕೇಳಿಸ್ತು ಕಣಮ್ಮ, ಬರ್ತಾ ಇದ್ದೆ’ ಅಂದೆ.

ನೀನು ನನ್ನ ಕಡೆ ಮುಖ ತಿರುಗಿಸಿದೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ‘ನನ್ನ ಕೋಲು ಕೊಡಮ್ಮ’ ಅಂತ ಮಿಸ್ಬಾಗೆ ಹೇಳಿದೆ, ಅಷ್ಟೇ. ಮಾರನೆಯ ದಿನ ಆನಂದನ ಕೈಹಿಡಿದು ಸುಕನ್ಯನ ಮನೆಗೆಂದು ಆಟೋ ಹತ್ತಿದೆ.

ಲಚ್ಮೀ, ಕೇಳಿಸಲಿಲ್ಲ ಕಣೇ. ದೇವರಾಣೆ ಕೇಳಿಸಲಿಲ್ಲ. ನನಗೆ ಕಿವಿ ಹೋಗಿದೆ. ಇವತ್ತು ನಿನ್ನೆಯದಲ್ಲ, ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಗಿ, ಈಗ ಎದುರು ನಿಂತು ಬಾಯಿ ಬಿಡಿಸಿ ಹೇಳಿದರೆ ಮಾತ್ರ ಅಲ್ಪಸ್ವಲ್ಪ ತಿಳಿಯುತ್ತದೆ. ಬೆನ್ನ ಹಿಂದೆ ಮನೆ ಬಿದ್ದರೂ ಗೊತ್ತಾಗುವುದಿಲ್ಲ. ಫೋನು ಕಿವಿಗಿಟ್ಟರೆ ದೂರದಲ್ಲಿ ಯಾರೋ ಒಗ್ಗರಣೆ ಹಾಕಿದ ಹಾಗೆ ಬರೀ ಚೊರ್ ಅನ್ನುತ್ತದೆ. ಅದಕ್ಕೇ ಈ ಕಾಗದ.

ಇದನ್ನು ಹೇಳಲು ಏನಾಗಿತ್ತು ರೋಗ ಎಂದು ನೀನು ಕೇಳಬಹುದು. ನಾಚಿಕೆ ಕಣೇ. ಕಣ್ಣಿಲ್ಲ ಅಂದರೆ ಜನ ಅಯ್ಯೋ ಅನ್ನುತ್ತಾರೆ, ಕಿವಿಯಿಲ್ಲ ಅಂದರೆ ಹಲ್ಲು ಕಿರಿಯುತ್ತಾರೆ. ಕಡೆಗಾಲದಲ್ಲಿ ಕಿವಿ ಮಂದವಾದ ನಿಮ್ಮಮ್ಮನನ್ನು ಈ ಬೀದಿ ಹೇಗೆ ಆಡಿಕೊಂಡಿತೆಂದು ನಿನಗೇ ಗೊತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಬರೆಯಲು ಕೈ ಹಿಂದೆಗೆಯುತ್ತದೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನೀನು ಒಂಬತ್ತು ವರ್ಷದ ಹುಡುಗಿ, ಸಿಡುಬಿಗೆ ಕಣ್ಣು ಹೋಗಿ ಐದು ವರ್ಷವಾಗಿತ್ತು. ನಿಮ್ಮಮ್ಮ ನಿನ್ನ ಕೈಯನ್ನು ನನ್ನ ಕೈಯಲ್ಲಿಟ್ಟು ‘ಇವಳಿಗೆ ನೀನೇ ಕಣ್ಣು’ ಅಂದರು. ಅದೇ ನನ್ನ ದೊಡ್ಡಸ್ತಿಕೆಯಾಯಿತು. ಬೀದಿಯಲ್ಲಿ, ದೇವಸ್ಥಾನದಲ್ಲಿ, ಮದುವೆ ಮನೆಗಳಲ್ಲಿ, ‘ಆಂಜನಮ್ಮ ಎಂಥಾ ಅತ್ತಿಗೆ, ಕುರುಡು ನಾದಿನಿಯನ್ನ ಹೆಂಗೆ ನೋಡ್ಕೋತಾಳೆ’ ಅನ್ನಿಸಿಕೊಂಡೇ ಮುದುಕಿಯಾದೆ. ಕೊಡುವ ಕೈಯಾಗಿಯೇ ಇದ್ದು ರೂಢಿಯಾದವಳು ನಾನು. ನಾನೂ ಒಂದು ಕುಂದಿನವಳಾದೆ ಎಂದು ಯಾರ ಮುಂದೆ ಒಪ್ಪಿಕೊಳ್ಳಲಿ? ಒಂದಕ್ಕೆ ಕಣ್ಣಿಲ್ಲ, ಇನ್ನೊಂದಕ್ಕೆ ಕಿವಿಯಿಲ್ಲ, ಇವೆರಡನ್ನೇ ಹಗಲೆಲ್ಲ ಮನೆಯಲ್ಲಿ ಬಿಡುವುದು ಹೇಗೆ ಎಂದು ಆನಂದ ಯೋಚಿಸಿದರೆ? ಅದಕ್ಕೇ ಅವತ್ತು ಮಿಸ್ಬಾ ಮುಂದೆ, ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಕಟುಕಿ ಅನ್ನಿಸಿಕೊಳ್ಳುವುದು ಮೇಲು ಅಂತ ಬಾಯಿ ತಾನಾಗಿಯೇ ಆರಿಸಿಕೊಂಡುಬಿಟ್ಟಿತು. ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತು, ಆದರೆ ಅದು ಇಷ್ಟು ನೀಚ ಎಂದು ನನಗೆ ಗೊತ್ತಿರಲಿಲ್ಲ.

ಅವತ್ತಿನದೊಂದೇ ಆಗಿದ್ದರೆ ಆಗುತ್ತಿತ್ತು. ನೀನು ಮನೆಯೊಳಗೆ ಓಡಾಡುತ್ತಿದ್ದದ್ದು ಕೋಲಿನಿಂದಲ್ಲ, ನನ್ನ ದನಿಯಿಂದ. ‘ಅತ್ತಿಗೆ, ಇದ್ದೀಯಾ?’ ಅನ್ನುತ್ತಿದ್ದೆ, ನಾನು ‘ಓ’ ಅನ್ನುತ್ತಿದ್ದೆ, ನೀನು ಆ ‘ಓ’ ಹಿಡಿದುಕೊಂಡು ಬರುತ್ತಿದ್ದೆ. ಅದು ನಿಂತುಹೋಯಿತು. ನೀನು ಎರಡನೇ ಸಲ, ಮೂರನೇ ಸಲ ಕರೆದದ್ದು ಹೇಗೋ ಕಿವಿಗೆ ಬಿದ್ದಾಗ ನಾನು ‘ಎಷ್ಟ್ ಸಲ ಕರೀತೀಯೇ, ನಾನೇನು ಮೆಟ್ರೋ ಹತ್ಕೊಂಡು ಓಡೋಗ್ತೀನಾ?’ ಅಂತ ಹಾರಿಬೀಳುತ್ತಿದ್ದೆ. ನೀನು ಮಾತಾಡಿದರೆ ‘ಗಂಟಲಲ್ಲಿ ಕಡುಬು ಸಿಕ್ಕೊಂಡಿದ್ಯಾ, ಬಿಟ್ಟು ಮಾತಾಡು’ ಅನ್ನುತ್ತಿದ್ದೆ. ಕೊರತೆ ನನ್ನ ಕಿವಿಯದು, ತಪ್ಪು ನಿನ್ನ ಗಂಟಲಿಗೆ ಹೊರಿಸಿದೆ. ನೀನು ಮೊದಲು ಜೋರಾಗಿ ಮಾತಾಡಿದೆ. ಆಮೇಲೆ ಕಡಿಮೆ ಮಾಡಿದೆ. ಆಮೇಲೆ ನಿಲ್ಲಿಸಿಯೇ ಬಿಟ್ಟೆ. ನಾನು, ಹಾಳಾದವಳು, ಬದುಕಿದೆ ಅಂದುಕೊಂಡೆ.

ಹೂ ಕಟ್ಟುವಾಗ ಮಾತ್ರ ನಾವಿಬ್ಬರೂ ಮೊದಲಿನ ಹಾಗೇ ಇದ್ದೆವು. ದೊಡ್ಡ ಹಾರ ಬಂದರೆ ಒಂದೇ ದಾರದ ಆ ತುದಿ ನೀನು, ಈ ತುದಿ ನಾನು, ನಡುವೆ ಉಳಿದ ದಾರ ನಮ್ಮಿಬ್ಬರ ಮಡಿಲ ಮೇಲೆ. ನೀನು ಒಂದು ಸಲ ಎಳೆದರೆ ಹೂವು ಕೊಡು ಅಂತ, ಎರಡು ಸಲ ಎಳೆದರೆ ಸಾಕು, ಕಾಫಿ ಕುಡಿಯೋಣ ಅಂತ. ಅದಕ್ಕೆ ಕಿವಿ ಬೇಕಿರಲಿಲ್ಲ, ನಾನು ಒಂದು ಸಲವೂ ತಪ್ಪದೆ ತಿರುಗುತ್ತಿದ್ದೆ. ಅದೇ ನಿನ್ನ ಎದೆಗೆ ನಾಟಿತು ಎಂದು ಈಗ ಸುಕನ್ಯನಿಂದ ತಿಳಿಯಿತು. ‘ಹೂವಿಗಾದ್ರೆ ತಿರುಗ್ತಾಳೆ, ನನಗೆ ತಿರುಗಲ್ಲ’ ಅಂದೆಯಂತೆ. ಹಂಸ ಇದನ್ನು ನನ್ನ ಎದುರು ಕೂತು ನಿಧಾನವಾಗಿ ಬಾಯಿ ಬಿಡಿಸಿ ಹೇಳಿದಳು. ಕೇಳಿಸದಿದ್ದರೇ ಚೆನ್ನಾಗಿತ್ತು ಎಂದು ಆ ಒಂದು ಮಾತಿಗೆ ಅನ್ನಿಸಿತು.

ಆಮೇಲೆ ನೀನು ಹೂವನ್ನೂ ಬಿಟ್ಟೆ. ಸೋಮಾರಿತನ ಎಂದು ನಾನು ಬೈದೆ. ಮಿಸ್ಬಾ ಮೊನ್ನೆ ಹೇಳಿದಳು, ನೀನು ಮೆಟ್ಟಿಲ ಬಳಿ ಕೂತು ‘ಅತ್ತಿಗೆ, ಬೆರಳೆಲ್ಲ ಜೋಮು ಹಿಡಿದಿದೆ, ಮೊಗ್ಗು ಯಾವ್ದು ಅರಳಿದ್ದು ಯಾವ್ದು ಗೊತ್ತಾಗ್ತಿಲ್ಲ, ಬೆರಳೂ ಕುರುಡಾಗೋಯ್ತು ಅಂತ ಭಯ ಆಗ್ತದೆ’ ಅಂದಿದ್ದೆಯಂತೆ. ಅವಳು ಬಟ್ಟೆ ಒಣಗಿಸಲು ಹೋಗುತ್ತಾ ಕೇಳಿಸಿಕೊಂಡಳಂತೆ. ನಾನು ಅದಕ್ಕೆ ಸೊಪ್ಪು ಬಿಡಿಸುತ್ತಾ ‘ಆಗ್ಲಿ ಬಿಡು, ಆಗ್ಲಿ’ ಅಂದೆನಂತೆ. ಯಾರು ಏನಂದರೂ ನಾನು ಹಾಗೇ ಅನ್ನುತ್ತಿದ್ದದ್ದು, ಕೇಳಿಸಿತು ಎಂದು ತೋರಿಸಿಕೊಳ್ಳಲು. ಕಣ್ಣು ಹೋದಾಗ ನೀನು ಮಗು, ಅತ್ತಿದ್ದೆಯೋ ಇಲ್ಲವೋ ನಿನಗೇ ನೆನಪಿಲ್ಲ. ಈ ವಯಸ್ಸಿನಲ್ಲಿ, ಲೋಕ ನೋಡಲು ಉಳಿದಿದ್ದ ಬೆರಳೂ ಹೋಗುತ್ತಿದೆ ಎಂದು ನೀನು ಮೊದಲು ಬಂದು ಹೇಳಿದ್ದು ನನಗೆ. ನಾನು ಆಗಲಿ ಅಂದೆ.

ದೀಪಾವಳಿಗೆ ಮುಂಚೆ ಇಂದಿರಾನಗರದ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವಲ್ಲ. ಅವರು ರಕ್ತ, ಎದೆ ಎಲ್ಲ ನೋಡಿ, ‘ಇವರಿಗೆ ಮನಸ್ಸು ಕುಗ್ಗಿದೆ, ವಯಸ್ಸು ಅಂತ ಬಿಡಬೇಡಿ. ಮನೇಲಿ ಇವರ ಜೊತೆ ಮಾತಾಡೋರು ಯಾರು?’ ಅಂತ ಕೇಳಿದರಂತೆ. ಆನಂದ ನನ್ನ ಕಡೆ ಕೈ ತೋರಿಸಿ ‘ನಮ್ಮಮ್ಮ ಇದಾರಲ್ಲ, ಇಡೀ ದಿನ ಜೊತೆಗೇ’ ಅಂದನಂತೆ. ಡಾಕ್ಟರಮ್ಮ ನನ್ನನ್ನು ನೋಡಿದರು. ಏನೋ ಒಳ್ಳೆಯದು ಹೇಳುತ್ತಿರಬೇಕೆಂದು ನಾನು ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ಮೈಮೇಲೆ ಕೆಂಡ ಸುರಿದ ಹಾಗಾಗುತ್ತದೆ. ಮನೆಗೆ ಬಂದು ನಾವೆಲ್ಲ ಮಾತಾಡಿಕೊಂಡದ್ದು ಏನು? ಕಣ್ಣಿಲ್ಲದವಳು, ಬೇಜಾರು ಇದ್ದದ್ದೇ ಎಂದು. ಚೌಕಾಬಾರದ ಕವಡೆಯನ್ನು ಬೆರಳಲ್ಲಿ ಸವರಿ ಇಡೀ ಕೇರಿಯನ್ನು ಸೋಲಿಸಿ ಕೇಕೆ ಹಾಕುತ್ತಿದ್ದವಳು ನೀನು. ಇಷ್ಟು ವರ್ಷ ಕಣ್ಣಿಲ್ಲದೆಯೇ ನಗುತ್ತಿದ್ದವಳು ಈಗ ಕಣ್ಣಿಲ್ಲವೆಂದು ಅಳುತ್ತಾಳೆಯೇ ಎಂದು ನಮ್ಮಲ್ಲಿ ಒಬ್ಬರಾದರೂ ಯೋಚಿಸಲಿಲ್ಲ.

ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ತಟ್ಟೆ ಪಕ್ಕಕ್ಕಿಟ್ಟು ಎಲ್ಲರ ಮುಂದೆ ಹೇಳಿಬಿಟ್ಟೆ, ನನಗೆ ಕಿವಿ ಕೇಳಿಸುವುದಿಲ್ಲ ಎಂದು. ಗುಡುಗು ಬೀಳುತ್ತದೆ ಅಂದುಕೊಂಡಿದ್ದೆ. ಆನಂದ ಸಾರು ಬಡಿಸಿಕೊಳ್ಳುತ್ತಾ ‘ಗೊತ್ತು ಕಣಮ್ಮ’ ಅಂದ. ಎಲ್ಲರಿಗೂ ಗೊತ್ತಿತ್ತಂತೆ! ನಾನು ಬಾಯಿ ನೋಡಿಕೊಂಡು ಮಾತಾಡುವುದು, ಕಿವಿಯ ಹಿಂದೆ ಕೈ ಇಡುವುದು, ಟಿವಿ ಮುಂದೆ ಮೂಗು ತಾಗಿಸಿ ಕೂರುವುದು, ಎಲ್ಲವನ್ನೂ ನೋಡುತ್ತಿದ್ದರಂತೆ. ಲಿಖಿತ್ ನನ್ನ ಎದುರಿಗೆ ಬಂದು ನಿಂತೇ ಮಾತಾಡುತ್ತಿದ್ದ, ಅಜ್ಜಿಗೆ ಎಂಥಾ ಮರ್ಯಾದೆ ಕೊಡುತ್ತಾನೆ ಎಂದು ನಾನು ಬೀಗುತ್ತಿದ್ದೆ. ನಾನು ನೊಂದುಕೊಳ್ಳುತ್ತೇನೆಂದು ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಲಚ್ಮಿಗೆ ಯಾಕೆ ಹೇಳಲಿಲ್ಲ ಅಂದೆ. ಹಂಸನ ಮುಖ ಬಿಳುಚಿಕೊಂಡಿತು. ‘ಅತ್ತೆ, ಇಡೀ ದಿನ ನೀವಿಬ್ಬರೂ ಒಟ್ಟಿಗೇ ಇರ್ತೀರಿ, ಅವರಿಗೆ ಗೊತ್ತಿಲ್ಲ ಅಂತ ನಮಗೆ ಅನ್ನಿಸ್ಲೇ ಇಲ್ಲ’ ಅಂದಳು. ನೋಡು, ಕಣ್ಣಿದ್ದವರಿಗೆಲ್ಲ ಬೀದಿಯ ಸುದ್ದಿಯಾಗಿದ್ದದ್ದು, ಕಾಣದ ನಿನ್ನೊಬ್ಬಳಿಗೆ ಮಾತ್ರ ಗುಟ್ಟಾಗಿ ಉಳಿಯಿತು. ನಿನಗೆ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಬೇಕಾದವಳು ನಾನು.

ಆನಂದ ಕಿವಿಗೆ ಮಿಷನ್ ಹಾಕಿಸುತ್ತಾನಂತೆ, ಒಪ್ಪಿಕೊಂಡಿದ್ದೇನೆ. ಅದು ಬಂದರೂ ಎಲ್ಲ ಮೊದಲಿನ ಹಾಗೆ ಆಗುವುದಿಲ್ಲವಂತೆ. ನಿನ್ನ ಬೆರಳಿನದನ್ನೂ ಆ ಡಾಕ್ಟರಮ್ಮನಿಗೆ ಹೇಳಬೇಕು, ಸಕ್ಕರೆ ಹೆಚ್ಚಾದರೆ ಹಾಗಾಗುತ್ತದಂತೆ, ಮಿಸ್ಬಾಳ ತಾಯಿಗೂ ಆಗಿತ್ತಂತೆ. ಎಲ್ಲಿದ್ದರೂ ಅದನ್ನು ತೋರಿಸಿಕೋ. ಊಟ ಬಿಡಬೇಡ. ಸೋಮೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ, ನನಗೆ ಏನೂ ಕೊಡುವುದು ಬೇಡ, ನಾಲಿಗೆಯನ್ನು ಸ್ವಲ್ಪ ಮೋಟು ಮಾಡಿದರೆ ಸಾಕು. ಸುಕನ್ಯನ ಗಂಡನಿಗೂ ಮಕ್ಕಳಿಗೂ ನನ್ನ ಆಶೀರ್ವಾದ.

ಇಂತಿ, ನೀನು ಕ್ಷಮಿಸದಿದ್ದರೂ ನಿನ್ನ ಅತ್ತಿಗೆಯೇ ಆದ
ಆಂಜನಮ್ಮ

ಮರೆತಿದ್ದೆ ಎಂದು ಬರೆಯಬೇಕು, ಆದರೆ ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಕಾಗದ ಒಯ್ಯುವ ಮುನಿರಾಜ್ ಆಗಿನಿಂದ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನಂತೆ, ಹಂಸ ಬಂದು ಭುಜ ತಟ್ಟಿದಳು. ಅಡ್ಡ ಮಲಗುವವಳಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮಲಗುತ್ತೇನೆ. ಬುಧವಾರ ಆ ಗಾಡಿ ಹತ್ತಬೇಡ. ಲಕೋಟೆಯಲ್ಲಿ ಒಂದು ಗೇಣು ಹಗ್ಗವಿದೆ, ಸುಕನ್ಯಾ, ಅತ್ತೆಯ ಕೈಗೆ ಕೊಡು. ಬೆರಳಿಗೆ ತಿಳಿಯದಿದ್ದರೆ ಕೆನ್ನೆಗೆ ಒತ್ತಿಕೊಂಡು ನೋಡು ಲಚ್ಮಿ, ಹೂ ಕಟ್ಟುವ ದಾರವನ್ನೇ ಜಡೆಯ ಹಾಗೆ ಹೆಣೆದಿದ್ದೇನೆ. ಉಳಿದದ್ದು ಇಲ್ಲಿದೆ, ಹಜಾರದಿಂದ ಹಿತ್ತಲವರೆಗೂ ಸಾಲುವಷ್ಟು. ರಾತ್ರಿ ಒಂದು ತುದಿ ನಿನ್ನ ದಿಂಬಿನ ಪಕ್ಕ, ಇನ್ನೊಂದು ನನ್ನ ಮಣಿಕಟ್ಟಿಗೆ. ಈ ವಾರವೆಲ್ಲ ಕಟ್ಟಿಕೊಂಡೇ ಮಲಗುತ್ತಿದ್ದೇನೆ. ‘ಆ ಕಡೆ ಯಾರೂ ಇಲ್ವಲ್ಲ ಅತ್ತೆ’ ಅಂದಳು ಹಂಸ. ಅಭ್ಯಾಸವಾಗಲಿ ಅಂದೆ. ನೀನು ಬಂದು ಎಳಿ. ಎರಡು ಸಲ ಎಳೆದರೆ ಬೈದುಕೊಂಡು ಎದ್ದು ಬರುತ್ತೇನೆ. ಒಂದು ಸಲ ಎಳೆದರೆ ‘ಓ’ ಅನ್ನುತ್ತೇನೆ, ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ. ನನಗೆ ಕೇಳಿಸದಿದ್ದರೆ ಏನಂತೆ.